ಒಳಮನೆಯ ಚುಕ್ಕೆ

ಬಾಗಿಲು ತೆರೆದ ಗಂಡಸು ಬನ್ನಿ ಎನ್ನಲಿಲ್ಲ, ಯಾರು ಎಂದೂ ಕೇಳಲಿಲ್ಲ. "ವರ್ಷಕ್ಕೆ ಹದಿಮೂರು ಎಡೆ," ಎಂದ. "ಆಮೇಲೆ ಯಾರೂ ಹೇಳಲಿಲ್ಲ ಅನ್ಬೇಡಿ."

ನಾರೇ ಹೊಸ್ತಿಲಾಚೆ ನಿಂತಿದ್ದಳು. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಪಿಯರ್ ಹಣ್ಣಿನ ಪೆಟ್ಟಿಗೆ; ಹಿರಿಮನೆಗೆ, ಒಂದು ಮನೆತನದ ಮೂಲಮನೆಗೆ, ಬರಿಗೈಯಲ್ಲಿ ಹೋಗುವುದುಂಟೆ? ಆನ್‌ದೊಂಗ್ ಪೇಟೆಯಿಂದ ಬಂದ ಬಸ್ಸು ಅವಳನ್ನು ಸೊಲ್ಮೆ ಹಳ್ಳಿಯ ಬಾಯಲ್ಲಿ ಇಳಿಸಿ ಧೂಳೆಬ್ಬಿಸಿಕೊಂಡು ಹೋಗಿತ್ತು. ಆ ಧೂಳು ತುಂಬಿದ ಅವಳ ಕಣ್ಣುಗಳು ಈಗ ಅರಳಿದವು.

"ಹದಿಮೂರಾ? ಹಿರಿಯರಿಗೆ ಇಡೋ ಎಡೆ ಅಷ್ಟೂ ಈಗಲೂ ನಡೆಯುತ್ತಾ?"

"ನಡೆಯುತ್ತೆ," ಎಂದ ಅವನು, ಸ್ವಲ್ಪ ತಬ್ಬಿಬ್ಬಾಗಿ. "ಒಂದೊಂದಕ್ಕೂ ಐವತ್ತು ಜನ."

"ಐವತ್ತು! ಎಲ್ಲೆಲ್ಲಿಂದ ಬರ್ತಾರೆ?" ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿ ಪೆನ್ನು ಹುಡುಕಿದಳು.

"ಸೋಲ್, ತೇಗು, ಪೂಸಾನ್. ಕೆಲವರು ಹೇಳದೇ ಕೇಳದೇ. ಬಂದೋರು ಉಂಡೇ ಹೋಗ್ಬೇಕು, ಅದು ನಮ್ಮನೆ ರೂಢಿ. ಮೀನು, ಮಾಂಸ, ಹಿಟ್ಟಲ್ಲಿ ಅದ್ದಿ ಕಾವಲಿ ಮೇಲೆ ಬೇಯಿಸೋ ಜೊನ್, ಎಲ್ಲಾ ಮನೇಲೇ ಆಗ್ಬೇಕು. ನಮ್ಮಜ್ಜಿ ಮಂಡಿ ಎರಡೂ ಹೋಗಿವೆ."

"ರಾತ್ರಿ ಉಳ್ಕೊಳ್ತಾರಾ?"

"ಕೆಲವರು ಎಬ್ಬಿಸಿದ್ರೂ ಏಳಲ್ಲ."

"ಅಯ್ಯೋ, ಎಷ್ಟು ಚೆನ್ನಾಗಿದೆ!"

ಅವನು ಒಂದು ಹೆಜ್ಜೆ ಹಿಂದೆ ಸರಿದ. "ನಿಮಗೆ ಹೆದರಿಕೆ ಆಗ್ತಿಲ್ವಾ?"

"ಹೆದರಿಕೆ ಯಾಕೆ? ಎಷ್ಟು ದಿನದಿಂದ ಇಂಥ ಮನೆಯನ್ನೇ ಹುಡುಕ್ತಿದ್ದೆ ಗೊತ್ತಾ!"

ಅವನ ಕಿವಿಗಳು ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿದವು. ಅಷ್ಟರಲ್ಲಿ ಒಳಮನೆಯಿಂದ ಮುದಿದನಿಯೊಂದು ಕೇಳಿತು. "ಹೇರಾಂ, ದಿನಚರಿ ಓದೋ ಮೇಡಂ ಬಂದ್ರೇನೋ? ನಿನ್ನನ್ನ ನೋಡೋಕೆ ಹೆಣ್ಣು ಬರೋದು ನಾಳೆ ಕಣೋ!"

ನಾರೇ ಪೆನ್ನಿನ ಮುಚ್ಚಳ ಹಾಕಿದಳು. ಇಬ್ಬರೂ ಬಹಳ ಹೊತ್ತು ಪಿಯರ್ ಹಣ್ಣಿನ ಪೆಟ್ಟಿಗೆಯನ್ನೇ ನೋಡಿದರು.

*

ಮರುದಿನ ಬಂದ ಹೆಣ್ಣು ಹದಿಮೂರು ಎಂಬ ಮಾತು ಕೇಳಿದ್ದೇ ಚಹಾ ಮುಟ್ಟದೆ ಎದ್ದು ಹೋದಳಂತೆ. ನಾರೇ ಮಾತ್ರ ವಾರಕ್ಕೆ ಮೂರು ಸಲ ಬರುತ್ತಲೇ ಇದ್ದಳು.

ಆ ಮನೆಯಲ್ಲಿ ಮುನ್ನೂರು ವರ್ಷಗಳ ಹಿಂದೆ ಒಬ್ಬ ಪಂಡಿತನಿದ್ದ. ಅವನ ಕಾವ್ಯನಾಮ 'ತೊರೆಯಾಚೆ'. ರಾಜಧಾನಿಯ ಮುಖ ನೋಡಿದವನಲ್ಲ, ಸರ್ಕಾರದ ಹುದ್ದೆ ಹಿಡಿದವನಲ್ಲ. ಆದರೆ ದಿನವೂ ಒಂದು ಪುಟ ಬರೆಯದೆ ಮಲಗಿದವನೂ ಅಲ್ಲ. ಇವತ್ತು ಯಾರು ಬಂದರು, ಯಾರ ಪತ್ರ ತಂದರು, ಯಾವ ಪುಸ್ತಕ ಎರವಲು ಒಯ್ದರು, ಯಾವ ಮಾತಿಗೆ ಜಗಳ ಬಂತು, ಎಲ್ಲವನ್ನೂ ಬರೆದಿಟ್ಟಿದ್ದ. ಮನೆತನದ ಹಿರಿಯರು ಆ ದಿನಚರಿಯನ್ನು ಹೊಸ್ತಿಲು ದಾಟಿಸಲು ಒಪ್ಪಲಿಲ್ಲ. ಹಾಗಾಗಿ ಸಂಶೋಧನಾ ಸಂಸ್ಥೆಯವರು ನಾರೇಯನ್ನೇ ಹೊಸ್ತಿಲು ದಾಟಿಸಿದ್ದರು.

ದಿನಚರಿಯಲ್ಲಿ ಬಂದ ಒಬ್ಬೊಬ್ಬರಿಗೂ ಕಂಪ್ಯೂಟರಿನಲ್ಲಿ ಒಂದೊಂದು ಚುಕ್ಕೆ ಇಡುವುದು ಅವಳ ಕೆಲಸ. ಪತ್ರ ಬರೆದರೆ ಒಂದು ಗೆರೆ, ಪುಸ್ತಕ ಕೊಟ್ಟರೆ ಇನ್ನೊಂದು ಗೆರೆ. ಗೆರೆಗಳು ಹೆಚ್ಚಾದಷ್ಟೂ ಚುಕ್ಕೆ ದೊಡ್ಡದಾಗುತ್ತದೆ. ಅಂಗಳದಲ್ಲಿ ಚುಕ್ಕೆಯ ರಂಗೋಲಿ ಹಬ್ಬಿದ ಹಾಗೆ, ಸತ್ತು ಹೋದ ಪಂಡಿತರೆಲ್ಲ ಪರದೆಯ ಮೇಲೆ ಮತ್ತೆ ಒಬ್ಬರಿಗೊಬ್ಬರು ಕೈ ಚಾಚುತ್ತಿದ್ದರು.

ಹೊರಪಡಸಾಲೆಯ ಬೆಚ್ಚನೆಯ ನೆಲದ ಮೇಲೆ ಅವಳು ಕೂತಿದ್ದರೆ, ಹೇರಾಂ ಬಾರ್ಲಿ ಚಹಾ ತಂದಿಟ್ಟು ಬಾಗಿಲ ಬಳಿ ಕೂರುತ್ತಿದ್ದ. ಹಳೆಯ ಮರದ ಮನೆಗಳ ರಿಪೇರಿಗೆ ನಕ್ಷೆ ಬರೆದುಕೊಡುವುದು ಅವನ ವೃತ್ತಿ. ನಕ್ಷೆಯ ಹಾಳೆ ಅವನ ತೊಡೆಯ ಮೇಲಿರುತ್ತಿತ್ತು. ಕಣ್ಣು ಅವಳ ಪರದೆಯ ಮೇಲೆ. ಕೆಲವೊಮ್ಮೆ ಪರದೆಗಿಂತ ಒಂದು ಗೇಣು ಮೇಲೆ.

"ಮೇಡಂ, ತಪ್ಪು ಮಾಡ್ತಿದ್ದೀರಿ," ಎಂದ ಒಂದು ದಿನ.

"ನನ್ನ ಮುಖ ನೋಡಿ ಹೇಳ್ತಿದ್ದೀರೋ, ಪರದೆ ನೋಡಿಯೋ?"

"ಪರದೇನೇ," ಎಂದ. ಕಿವಿ ಮಾತ್ರ ಬಣ್ಣ ಬದಲಾಯಿಸಿತು. "ಆ 'ಹೂವಿನ ಮಂಟಪ' ಅನ್ನೋ ಚುಕ್ಕೆ, ಈ 'ಉಪಮಂತ್ರಿಗಳು' ಅನ್ನೋ ಚುಕ್ಕೆ, ಅಲ್ಲಿ ಮೂಲೆಯಲ್ಲಿರೋ 'ಪಕ್ಕದ ಕಣಿವೆಯವರು', ಮೂರೂ ಒಬ್ಬರೇ. ಹಲ್ಲುನೋವಿನ ಅಜ್ಜ ಅಂತ ನಮ್ಮಪ್ಪ ಹೇಳ್ತಿದ್ರು."

"ಒಂದೇ ಹೆಸರಲ್ಲಿ ಬರೆಯೋಕೆ ಏನಾಗಿತ್ತು ನಿಮ್ಮ ಮುತ್ತಾತನಿಗೆ?"

"ದೊಡ್ಡವರ ಹೆಸರನ್ನ ಬಾಯಲ್ಲಿ ಹೇಳೋದೇ? ಬರೆಯೋದೇ? ನಾಲಿಗೆ ಬಿದ್ದು ಹೋಗಲ್ವಾ?"

ಅದೇ ತೊಡಕು. ಗೌರವಕ್ಕಾಗಿ ಹೆಸರನ್ನು ಮುಚ್ಚಿಟ್ಟು ಕಾವ್ಯನಾಮ, ಹುದ್ದೆ, ಊರು ಇವುಗಳಿಂದಲೇ ಕರೆದ ಕಾಲ ಅದು. ಒಬ್ಬ ಮನುಷ್ಯ ಕಂಪ್ಯೂಟರಿನಲ್ಲಿ ಮೂವರಾಗಿದ್ದ. ನಾರೇ ಮೂರು ಚುಕ್ಕೆಗಳನ್ನು ಎಳೆದು ಒಂದರ ಮೇಲೊಂದು ಇಟ್ಟಳು. ಇಡುವಾಗ, ಪರದೆಯ ಕಡೆ ಬೆರಳು ತೋರಿಸಲು ಬಾಗಿದ ಅವನ ತೋಳು ಅವಳ ತೋಳಿಗೆ ತಾಗಿತು. ಇಬ್ಬರೂ ಸರಿಯಲಿಲ್ಲ. ಚುಕ್ಕೆಗಳು ಯಾವಾಗಲೋ ಕೂಡಿಕೊಂಡಿದ್ದವು. ಬೆರಳು ಮಾತ್ರ ಇನ್ನೂ ತೋರಿಸುತ್ತಲೇ ಇತ್ತು.

"ಆಯ್ತಲ್ಲ," ಎಂದಳು ನಾರೇ ಮೆಲ್ಲಗೆ.

"ಏನು?"

"ಒಂದಾಯ್ತು. ಚುಕ್ಕೆ."

ಅವನು ನಕ್ಷೆಯ ಹಾಳೆಯನ್ನು ತಲೆಕೆಳಗಾಗಿ ಹಿಡಿದುಕೊಂಡು ಹೊರಗೆ ಹೋದ.

*

ಆ ವರ್ಷ ಪರ್ಸಿಮನ್ ಮರ ತುಂಬಿ ಬಂದಿತ್ತು. ಅಜ್ಜಿ ಜಗಲಿಯಲ್ಲಿ ಕೂತು ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದಳು, ಹೇರಾಂ ದಾರಕ್ಕೆ ಕಟ್ಟಿ ಒಣಗಲು ಸೂರಿಗೆ ನೇತುಹಾಕುತ್ತಿದ್ದ. ನಾರೇ ಪುಟದಿಂದ ತಲೆಯೆತ್ತಿದಾಗಲೆಲ್ಲ ಕಿತ್ತಳೆ ಬಣ್ಣದ ತೋರಣದ ನಡುವೆ ಅವನ ಮುಖ ಕಾಣುತ್ತಿತ್ತು. ಕಂಡಿತೆಂದು ತಿಳಿದರೆ ಅವನು ಒಂದು ಹಣ್ಣಿನ ಹಿಂದೆ ಸರಿಯುತ್ತಿದ್ದ. ಅಷ್ಟು ಎತ್ತರದ ಆಳು ಒಂದು ಹಣ್ಣಿನ ಹಿಂದೆ ಅಡಗುವುದುಂಟೇ!

"ಪುಟ್ಟೀ," ಎಂದು ಅಜ್ಜಿ ಕೂಗುತ್ತಿದ್ದಳು, "ಸತ್ತೋರ ಜೊತೆ ಮಾತಾಡಿದ್ದು ಸಾಕು. ಬದುಕಿರೋನು ಒಬ್ಬ ಇಲ್ಲಿ ಗಂಟು ಹಾಕೋಕೆ ಬರದೆ ಒದ್ದಾಡ್ತಿದ್ದಾನೆ, ಬಂದು ಹಿಡಿ."

"ಅಜ್ಜೀ, ನನಗೆ ಬರುತ್ತೆ!"

"ನೀನು ಸುಮ್ನಿರೋ. ಬರಲ್ಲ ಅಂತ ಹೇಳೋಕೂ ಬರಲ್ಲ ಇವನಿಗೆ."

ಊರಿನಲ್ಲಿ ಅಜ್ಜಿಯನ್ನು ಎಲ್ಲರೂ 'ಕಲ್ಲುಸೇತುವೆಯವಳು' ಎನ್ನುತ್ತಿದ್ದರು. ಕಲ್ಲುಸೇತುವೆ ಅವಳ ತವರೂರು. ಬೇರೆ ಹೆಸರು ಇದೆಯೆಂದು ನಾರೇಗೂ ಹೊಳೆದಿರಲಿಲ್ಲ.

ಹೆಸರಿನ ಮಾತು ಹೊಳೆದದ್ದು ಮೊದಲ ಹಿಮ ಬಿದ್ದ ದಿನ, ಅದೂ ದಿನಚರಿಯಿಂದ. ಕೆಲಸ ಮುಗಿಯುತ್ತ ಬಂದಿತ್ತು. ಪರದೆಯ ನಡುವೆ 'ತೊರೆಯಾಚೆ'ಯ ಚುಕ್ಕೆ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕೂತಿತ್ತು. ಹುದ್ದೆಯಿಲ್ಲದ, ಊರು ಬಿಟ್ಟು ಕದಲದ ಮನುಷ್ಯನಿಗೆ ಇಷ್ಟು ಜನ ಎಲ್ಲಿಂದ ಬಂದರು? ಅವಳು ಹಿಂದಿನ ಪುಟಗಳನ್ನು ಮತ್ತೆ ತಿರುವಿದಳು. ಉತ್ತರ ಗುಟ್ಟಾಗಿ ಏನೂ ಇರಲಿಲ್ಲ, ಪುಟಪುಟದಲ್ಲೂ ಬಿದ್ದಿತ್ತು. 'ಮಳೆ. ಮೂವರು ಬಂದರು. ಒಳಗಿನಿಂದ ಊಟ ಬಂತು.' 'ವಾದ ಬೆಳಗಿನವರೆಗೆ ನಡೆಯಿತು. ಒಳಗಿನಿಂದ ಗಂಜಿ ಬಂತು.' 'ಹೂವಿನ ಮಂಟಪದವರು ಮುನಿಸಿಕೊಂಡು ಹೊರಟರು. ಒಳಗಿನಿಂದ ಬಿಸಿ ಸಾರು ಬಂತು. ಕೂತರು.'

"ಒಳಗಿನಿಂದ ಅಂದ್ರೆ ಯಾರು?" ಎಂದಳು ಗಟ್ಟಿಯಾಗಿ.

ಹೇರಾಂ ಹತ್ತಿರ ಬಂದ. "ಅವರ ಹೆಂಡತಿ. ಇನ್ಯಾರು?"

"ಅವಳ ಚುಕ್ಕೆ ಎಲ್ಲಿ?"

"ನೀವೇ ಅಲ್ವಾ ಇಡೋರು?"

"ಹೆಸರಿಲ್ಲದೋರಿಗೆ ಚುಕ್ಕೆ ಇಡೋ ಹಾಗಿಲ್ಲ, ನಮ್ಮ ನಿಯಮ." ಅವಳು ಪರದೆಯ ಖಾಲಿ ಜಾಗದ ಮೇಲೆ ಬೆರಳಿಟ್ಟಳು. "ಎಲ್ಲಾ ಗೆರೆನೂ ಅವಳ ಒಲೆ ಮುಂದಿಂದಲೇ ಹೋಗಿದೆ ಹೇರಾಂ ಅವರೇ. ಅವಳೇ ಇಲ್ಲ."

ಅಂದು ಅವಳು ಅಮ್ಮನ ವಿಷಯ ಹೇಳಿದಳು. ಅಮ್ಮನೂ ಇಂಥದೇ ಒಂದು ಹಿರಿಮನೆಯ ಹಿರಿಸೊಸೆ. ನಾರೇ ಚಿಕ್ಕವಳಿದ್ದಾಗ ಅಮ್ಮನ ಕೂದಲಿಗೆ ಹಬ್ಬದ ದಿನವೆಲ್ಲ ಎಣ್ಣೆಯ ಕಮಟು. ಅಪ್ಪಿಕೊಂಡರೆ ಜೊನ್ ವಾಸನೆ, ಅತ್ತರೂ ಜೊನ್ ವಾಸನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ತೇಗುವಿನ ಮಾರುಕಟ್ಟೆಯಲ್ಲಿ ಪಲ್ಯ, ಕಿಮ್ಚಿ ಮಾರುವ ಅಂಗಡಿ ಇಟ್ಟಳು. 'ಕಾವಲಿ ನನ್ನ ಬಿಡಲಿಲ್ಲ ನೋಡು,' ಎಂದು ನಗುತ್ತಾಳೆ, 'ಈಗ ದುಡ್ಡಾದ್ರೂ ಕೊಡುತ್ತೆ.' ಮಗಳಿಗೆ ಅವಳು ಹಾಕಿದ ಷರತ್ತು ಒಂದೇ. "'ಯಾರನ್ನಾದ್ರೂ ಕಟ್ಕೋ. ಹಿರಿಮನೆಯ ಹಿರಿಮಗನ್ನ ಮಾತ್ರ ಬೇಡ.' ನಾನು ಮಾತು ಕೊಟ್ಟಿದ್ದೀನಿ."

ಹೇಳಿದ ಮೇಲೆ ಅವಳಿಗೆ ತಿಳಿಯಿತು, ಈ ಮಾತು ಇಲ್ಲಿ ಹೇಳಲು ಅವನನ್ನು ಬಿಟ್ಟರೆ ಬೇರೆ ಕಾರಣವೇ ಇರಲಿಲ್ಲ ಎಂದು. ಅವನೇನು ಕೇಳಿದ್ದನೇ?

ಹೇರಾಂ ಹಿಮ ನೋಡುತ್ತ ನಿಂತಿದ್ದ. "ಅಮ್ಮ ಹೇಳಿದ್ದು ಸರಿ," ಎಂದ ಕೊನೆಗೆ. "ನನಗೊಬ್ಬಳು ತಂಗಿ ಇದ್ದಿದ್ರೆ ನಾನೂ ಅದನ್ನೇ ಹೇಳ್ತಿದ್ದೆ."

ಎಷ್ಟು ಮೃದುವಾಗಿ ಹೇಳಿದನೆಂದರೆ, ಅವಳಿಗೆ ಅಳು ಬಂತು. ಅಂದಿನಿಂದ ಚಹಾ ತಪ್ಪದೆ ಬರುತ್ತಿತ್ತು. ತಂದವನು ಬಾಗಿಲ ಬಳಿ ಕೂರುತ್ತಿರಲಿಲ್ಲ.

*

'ತೊರೆಯಾಚೆ'ಯ ಎಡೆಯ ದಿನ ಮನೆತನದ ಹಿರಿಯರು ಬೆಳಿಗ್ಗೆಯೇ ಸೇರಿದರು. ಎಡೆಗೆ ಮೊದಲು ಮೇಡಂ ತಮ್ಮ ಕೆಲಸ ತೋರಿಸಬೇಕೆಂದು ನಿಗದಿಯಾಗಿತ್ತು. ಹಿರಿಯರು ಒಪ್ಪಿದರೆ ಚುಕ್ಕೆಗಳ ನಕ್ಷೆ ಹೊರಜಗತ್ತಿಗೆ ಹೋಗುತ್ತದೆ. ಒಪ್ಪದಿದ್ದರೆ ದಿನಚರಿ ಮತ್ತೆ ಪೆಟ್ಟಿಗೆಗೆ, ನಾರೇ ಖಾಲಿ ಕೈಯಲ್ಲಿ ಬಸ್ಸಿಗೆ.

"ನಿಯಮದಲ್ಲಿಲ್ಲದ ಆ ಒಂದು ಚುಕ್ಕೆ ಸುಮ್ನೆ ಬಿಟ್ಟುಬಿಡೇ," ಎಂದು ಸಂಸ್ಥೆಯ ಗೆಳತಿ ಫೋನಿನಲ್ಲಿ ಬೇಡಿದ್ದಳು. ಬಿಡಬಹುದಿತ್ತು. ಆದರೆ ಆ ಚುಕ್ಕೆ ಬಿಟ್ಟರೆ ಅಮ್ಮನನ್ನೂ ಬಿಟ್ಟಂತೆ ಎಂದು ಅವಳ ಎದೆ ಹಟ ಹಿಡಿಯಿತು.

ಪರದೆಯ ಮೇಲೆ ಚಂದ್ರನಂಥ ಚುಕ್ಕೆ ಮೂಡಿದಾಗ ಹಿರಿಯರು ಹೆಮ್ಮೆಯಿಂದ ಕೆಮ್ಮಿದರು. ಅದರ ಪಕ್ಕದಲ್ಲಿ ಅಷ್ಟೇ ದೊಡ್ಡದಾದ ಇನ್ನೊಂದು ಚುಕ್ಕೆ ಮೂಡಿತು. ಕೆಳಗೆ 'ಒಳಮನೆ' ಎಂದಿತ್ತು.

"ಇದ್ಯಾರು?" ಎಂದರು ಚಿಕ್ಕಜ್ಜ. ಹೇರಾಂನ ತಾತನ ದಾಯಾದಿ ತಮ್ಮ ಅವರು. ಮನೆತನದಲ್ಲಿ ಅವರ ಮಾತೇ ಕೊನೆ.

"ಅವರ ಹೆಂಡತಿ. ವಾದ ಮಾಡೋಕೆ ಬಂದೋರನ್ನ ಕೂರಿಸಿದ್ದು ಈಕೆ ಬಡಿಸಿದ ಊಟ. ಮುನಿಸಿಕೊಂಡು ಹೋದೋರು ಮತ್ತೆ ಬಂದಿದ್ದೂ ಅದಕ್ಕೇ. ಈ ಚುಕ್ಕೆ ತೆಗೆದ್ರೆ ನೋಡಿ..." ಅವಳು ಗುಂಡಿ ಒತ್ತಿದಳು. ಗೆರೆಗಳು ಉದುರಿ, ಪಂಡಿತರೆಲ್ಲ ಜಾತ್ರೆಯಲ್ಲಿ ಕೈ ತಪ್ಪಿದ ಮಕ್ಕಳಂತೆ ಚೆದುರಿ ನಿಂತರು.

"ಏನಮ್ಮಾ ಇದು!" ಚಿಕ್ಕಜ್ಜ ಗುಡುಗಿದರು. "ನಮ್ಮ ಹಿರಿಯರ ಹತ್ರ ಜನ ಬಂದಿದ್ದು ವಿದ್ಯೆಗೆ. ಸಾರು ಕುಡಿಯೋಕೆ ಅಂದ್ಕೊಂಡ್ರಾ?"

ಆಗ ಒಳಬಾಗಿಲು ಸರಿಯಿತು. ಗಂಡಸರ ಪಡಸಾಲೆಗೆ ಎಂದೂ ಕಾಲಿಡದ ಅಜ್ಜಿ, ಗೋಡೆ ಹಿಡಿದುಕೊಂಡು ಒಳಗೆ ಬಂದಳು.

"ಮೈದುನ್ರೇ, ನೀವು ಶಾಲೆಗೆ ಹೋಗೋ ಕಾಲದಲ್ಲಿ ದಿನಾ ಸಂಜೆ ಈ ಮನೆಗೆ ಬರ್ತಿದ್ರಿ, ನೆನಪಿದ್ಯಾ? ಅಣ್ಣನ ಹತ್ರ ಪಾಠ ಹೇಳಿಸ್ಕೊಳ್ಳೋಕೆ ಅಂತ."

"ಬರ್ತಿದ್ದೆ ಅತ್ತಿಗೆ."

"ಯಾವ ಪಾಠ ಹೇಳಿ ನೋಡೋಣ?"

ಚಿಕ್ಕಜ್ಜ ಗಡ್ಡ ಸವರಿಕೊಂಡರು. "ಅತ್ತಿಗೆ, ಆ ಮೂಲಂಗಿ ಸಾರು..." ಎಂದು ತಡವರಿಸಿದರು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಪಡಸಾಲೆಗೆ ಪಡಸಾಲೆಯೇ ನಕ್ಕಿತು.

ಅಜ್ಜಿ ನಗಲಿಲ್ಲ. "ಸರಿ. ಆ ಸಾರು ಬಡಿಸಿದವಳ ಹೆಸರೇನು?"

"ಕಲ್ಲುಸೇತುವೆ..."

"ಅದು ಊರಿನ ಹೆಸರು."

ನಗು ನಿಂತಿತು. ಬಿಳಿಗಡ್ಡಗಳು ಒಂದನ್ನೊಂದು ನೋಡಿದವು. ಇಷ್ಟು ವರ್ಷ ಅವಳ ಕೈ ಅನ್ನ ಉಂಡ ಅಷ್ಟೂ ಬಾಯಿಗಳಲ್ಲಿ ಒಂದಕ್ಕೂ ಆ ಹೆಸರು ಗೊತ್ತಿರಲಿಲ್ಲ.

"ಮಾ ಯುವೋಲ್," ಎಂದ ಹೇರಾಂ ಹಿಂದಿನಿಂದ. "ಯುವೋಲ್ ಅಂದ್ರೆ ಜೂನ್. ಆ ತಿಂಗಳಲ್ಲಿ ಹುಟ್ಟಿದ್ದಕ್ಕೆ ಅವರಪ್ಪ ಇಟ್ಟಿದ್ದು." ಅವನು ಎದ್ದು ನಿಂತ. ಚಿಕ್ಕಜ್ಜನಿಗೆ ತಲೆಬಾಗಿದ. "ಇನ್ನೊಂದು ಮಾತೂ ಇವತ್ತೇ ಹೇಳಿಬಿಡ್ತೀನಿ. ಮುಂದಿನ ವರ್ಷದಿಂದ ಹದಿಮೂರು ಎಡೆ ಇಲ್ಲ. ವಸಂತಕ್ಕೊಂದು, ಶರತ್ಕಾಲಕ್ಕೊಂದು, ಹಿರಿಯರಿಗೆಲ್ಲಾ ಸೇರಿಸಿ. ಅಡುಗೆ ಅಜ್ಜಿಯದಲ್ಲ. ಅಡ್ಡಬೀಳೋಕೆ ಬಂದೋರೆಲ್ಲಾ ಸೇರಿ ಮಾಡ್ಬೇಕು. ಕಾವಲಿ ಮುಂದೆ ನಾನಿರ್ತೀನಿ."

"ಯಾವ ಹುಡುಗಿಗೋಸ್ಕರ ಈ ಕುಣಿತ?"

ಹೇರಾಂ ನಾರೇಯ ಕಡೆ ನೋಡಲಿಲ್ಲ. "ಯಾವ ಹುಡುಗಿ ಬರದಿದ್ರೂ ಇದೇ, ಚಿಕ್ಕಜ್ಜ. ಅಜ್ಜಿ ಹಾಗೆ ಇನ್ನೊಬ್ಬಳು ಒಲೆ ಮುಂದೆ ಹೆಸರೂ ಮಂಡೀನೂ ಕಳ್ಕೊಳ್ಳೋದನ್ನ ನೋಡೋಕೆ ನನಗೆ ಆಗಲ್ಲ. ಬೇಡ ಅಂದ್ರೆ ಬೇರೆ ಯಾರನ್ನಾದ್ರೂ ಹಿರಿಮೊಮ್ಮಗ ಮಾಡ್ಕೊಳ್ಳಿ."

ನಾರೇ ಮತ್ತೆ ಗುಂಡಿ ಒತ್ತಿದಳು; ಚಿಕ್ಕಜ್ಜ ಪರದೆಗೆ ಮರಳಿದ ಎರಡು ಚುಕ್ಕೆಗಳನ್ನು ನೋಡಿದರು. ಆಮೇಲೆ ಅತ್ತಿಗೆಯ ಮಂಡಿಗಳನ್ನು. "ಜೊನ್ ನೀನು ಮಾಡೋದು ಖಂಡಿತಾನಾ?" ಎಂದರು.

"ಖಂಡಿತ."

"ಹಾಗಾದ್ರೆ ನಾವು ಮನೆಯಿಂದ ಉಂಡೇ ಬರ್ತೀವಿ," ಎಂದು ಗೊಣಗಿದರು. ಮತ್ತೆ ಪರದೆಯ ಕಡೆ ಕೈ ಬೀಸಿ, "ಆ ಚುಕ್ಕೆ ಇರಲಿ ಕಣಮ್ಮಾ. ಒಂದು ಸುತ್ತು ದೊಡ್ಡದೇ ಮಾಡು," ಎಂದರು.

*

ಅಂದಿನ ಎಡೆಗೆ ಜೊನ್ ಆಗುತ್ತಿದ್ದ ಅಡುಗೆಮನೆಯಿಂದ ಹೊಗೆ ಬರುತ್ತಿತ್ತು. ನಾರೇ ಬಾಗಿಲಲ್ಲಿ ನಿಂತು ನೋಡಿದಳು. ಹೇರಾಂ ತೋಳು ಮಡಿಸಿಕೊಂಡು, ಮೀನಿನ ತುಂಡನ್ನು ಹಿಟ್ಟಿನಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ, ಶತ್ರುವನ್ನು ಎದುರಿಸುವವನಂತೆ ಕಾವಲಿಗೆ ಬಿಡುತ್ತಿದ್ದ. ಮೂಗಿನ ತುದಿಯಲ್ಲಿ ಹಿಟ್ಟು.

"ಸೀಯ್ತಾ ಇದೆ."

"ಗೊತ್ತು."

"ಉರಿ ಸಣ್ಣ ಮಾಡಿ."

"ಎಲ್ಲಿ ಸಣ್ಣ ಮಾಡೋದು ಅಂತ ಗೊತ್ತಾಗ್ತಿಲ್ಲ."

ಅವಳು ಕೈ ಚಾಚಿ ಗ್ಯಾಸ್ ತಿರುವಿದಳು. ಕೈ ಹಿಂದಕ್ಕೆ ತೆಗೆಯಲಿಲ್ಲ. "ನನಗೋಸ್ಕರ ಅಲ್ಲ ಅಂದ್ರಲ್ಲ, ನಿಜಾನಾ?"

"ನಿಜ." ಅವನು ಕಾವಲಿಯನ್ನೇ ನೋಡುತ್ತಿದ್ದ. "ನಿಮಗೋಸ್ಕರ ಅಂದ್ರೆ ಅದು ಲಂಚ ಆಗುತ್ತೆ. ಬರಲೇಬೇಕು ಅಂತ ನಿಮ್ಮ ಮೇಲೆ ಹೊರೆ ಬೀಳುತ್ತೆ. ಈ ಮನೆಗೆ ಬರೋ ಯಾರ ತಲೆ ಮೇಲೂ ಇನ್ನೊಂದು ಹೊರೆ ಬೇಡ."

"ಹಾಗಾದ್ರೆ ನನಗೆ ಅಂತ ಏನೂ ಇಲ್ಲ?"

ಅವನು ಈಗ ತಿರುಗಿದ. ಹಣ್ಣೂ ಇಲ್ಲ, ನಕ್ಷೆಯೂ ಇಲ್ಲ. ಅಡಗಲು ಏನೂ ಇರಲಿಲ್ಲ. "ಇದೆ. ಆದ್ರೆ ಅದನ್ನ ಮೇಡಂಗೆ ಹೇಳೋಕೆ ಬರಲ್ಲ." ಉಸಿರೆಳೆದುಕೊಂಡ. "ನಾರೇ. ನೀನು ಬರದ ದಿನ ಈ ಮನೇಲಿ ನನಗೆ ಚಹಾ ಮಾಡೋಕೆ ಕಾರಣನೇ ಇರಲ್ಲ."

ಮೊದಲ ಸಲ ಅವನ ಬಾಯಲ್ಲಿ ತನ್ನ ಹೆಸರು ಕೇಳಿ, ನಾರೇಗೆ ತನ್ನ ಹೆಸರು ಇಷ್ಟು ಚಂದ ಎಂದು ಆಗಲೇ ತಿಳಿಯಿತು.

"ನಾನು ಕೆಲಸ ಬಿಡಲ್ಲ," ಎಂದಳು.

"ಬಿಡ್ಬೇಡ."

"ಆನ್‌ದೊಂಗ್ ರೂಮೂ ಬಿಡಲ್ಲ, ಈ ವರ್ಷ."

"ಬಸ್ ಸ್ಟಾಪಿಗೆ ನಾನೇ ಬರ್ತೀನಿ."

"ಅಮ್ಮ ಒಪ್ಪಲ್ಲ."

ಅವನ ಕೈಯ ಸೌಟು ಕೆಳಗಿಳಿಯಿತು. ಮುಖ ಪೆಚ್ಚಾಯಿತು. ಕೊಟ್ಟ ಮಾತನ್ನು ಬೆನ್ನ ಹಿಂದೆ ಮುರಿಯುವ ಹುಡುಗಿಯಲ್ಲ ನಾರೇ. ಅಲ್ಲಿಯೇ, ಒಲೆಯ ಮುಂದೆಯೇ, ಫೋನ್ ತೆಗೆದು ಸ್ಪೀಕರ್ ಹಾಕಿದಳು.

"ಅಮ್ಮಾ, ನಿನಗೆ ಕೊಟ್ಟ ಮಾತು ವಾಪಸ್ ಕೇಳೋಕೆ ಫೋನ್ ಮಾಡಿದೆ."

ಆ ಕಡೆ ಮಾರುಕಟ್ಟೆಯ ಗದ್ದಲ. ಆಮೇಲೆ ಅಂಗಡಿಯ ಬಾಗಿಲು ಸರಿದ ಸದ್ದು.

"ಹಿರಿಮಗನಾ?"

"ಹೂಂ."

"ಹಿರಿಮನೆನಾ?"

"ಹೂಂ ಅಮ್ಮ."

"ನನ್ನ ಕರ್ಮ. ಎಡೆ ಎಷ್ಟು?"

"ಎರಡು. ಹದಿಮೂರಿತ್ತು. ಇವತ್ತು ಎಲ್ಲರ ಮುಂದೆ ಎದ್ದು ನಿಂತು ಎರಡು ಮಾಡಿದ."

"ಕಾವಲಿ ಮುಂದೆ ಯಾರು?"

"ಅವನೇ. ಈಗಲೂ ಅಲ್ಲೇ ನಿಂತಿದ್ದಾನೆ."

"ಕೊಡು ಅವನಿಗೆ."

ಹೇರಾಂ ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಸೊಂಟದಿಂದ ಬಾಗಿ ಫೋನಿಗೇ ನಮಸ್ಕಾರ ಮಾಡಿದ. "ಅಮ್ಮ, ನಾನು ಮೋ ಹೇರಾಂ."

"ಹೇಗೆ ಬರ್ತಿದೆ ಜೊನ್?"

ಅವನು ಕಾವಲಿಯ ಕಡೆ ನೋಡಿದ. ಒಂದು ಸುಳ್ಳು ಹೇಳಿದ್ದರೆ ನಡೆಯುತ್ತಿತ್ತು. "ಎಲ್ಲಾ ಸೀದಿದೆ ಅಮ್ಮ."

ಆ ಕಡೆಯಿಂದ ಬಂದ ಸದ್ದು ನಗುವೋ ಅಳುವೋ ನಾರೇಗೆ ತಿಳಿಯಲಿಲ್ಲ. ಅಮ್ಮನ ದನಿ ಮತ್ತೆ ಕೇಳಿದಾಗ ಅದು ಬೇರೆಯಾಗಿತ್ತು. "ನಂದೂ ಮೊದಲ ವರ್ಷ ಸೀದಿತ್ತು ಕಣಪ್ಪಾ. ಅವತ್ತು ಪಕ್ಕದಲ್ಲಿ ಬಂದು ನಿಂತು ನೋಡೋಕೂ ಒಬ್ಬ ಗಂಡಸು ಇರಲಿಲ್ಲ." ಮೂಗು ಎಳೆದುಕೊಂಡಳು. "ಭಾನುವಾರ ಅಂಗಡಿಗೆ ಬಾ. ಊಟಕ್ಕಲ್ಲ. ಏಪ್ರನ್ ತಗೊಂಡ್ ಬಾ."

ಫೋನ್ ಕಟ್ಟಾಯಿತು. ಹೇರಾಂ ಬಾಗಿದವನು ಬಾಗಿಯೇ ಇದ್ದ.

"ಇಟ್ಟಾಯ್ತು ಕಣೋ," ಎಂದಳು ನಾರೇ. "ತಲೆ ಎತ್ತು."

"ಸ್ವಲ್ಪ ಇರು," ಎಂದ ಅವನು, ನೆಲ ನೋಡುತ್ತಲೇ. "ಮುಖದ ತುಂಬಾ ನಗು ಬಂದ್ಬಿಟ್ಟಿದೆ. ಎಲ್ಲಿಡೋದು ಅಂತ ಗೊತ್ತಾಗ್ತಿಲ್ಲ."

ನಾರೇ ಕಾವಲಿಯ ಮೇಲಿನ ಮೀನನ್ನು ತಿರುವಿ ಹಾಕಿ, ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತು, ಕೆಳಗಿನಿಂದ ಅವನ ಮುಖವನ್ನು ಇಣುಕಿ ನೋಡಿದಳು.